ನಾರ್ಮಲ್ ಎಂದು ಬರೆದ ಚೀಟಿ

ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ತುಟಿ, ಹಲ್ಲು, ನಾಲಿಗೆ ಮೂರೂ ಹಳದಿಯಾದವು. ಸಂಜೆ ಬ್ಯಾಡಗಿಯ ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ತಡೆದು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ಅಯ್ಯಯ್ಯ, ಈಕಿಗೆ ಕಾಮಣಿ ಆಗೇತ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ನಮ್ಮ ಮನೆಯೊಳಗೆ ಉರ್ದು, ಹೊರಗೆ ಕನ್ನಡ. ಕೂಗುವುದಿದ್ದರೆ ಮಾತ್ರ ಅಮ್ಮ ಕನ್ನಡದಲ್ಲೇ ಕೂಗುವವಳು, ಎಲ್ಲರಿಗೂ ತಿಳಿಯಲಿ ಅಂತ.

ಕಾಮಾಲೆ ಅಲ್ಲ, ಪಿಕ್ರಿಕ್ ಆಸಿಡ್. ಆಗ ಲ್ಯಾಬಿನಲ್ಲಿ ಈಗಿನ ಹಾಗೆ ಗುಂಡಿ ಒತ್ತಿದರೆ ತಾನೇ ಅಳೆದುಕೊಳ್ಳುವ ಪಿಪೆಟ್ ಇರಲಿಲ್ಲ. ಉದ್ದನೆಯ ಗಾಜಿನ ಕೊಳವೆ, ಒಂದು ತುದಿ ಬಾಟಲಿಯಲ್ಲಿ, ಇನ್ನೊಂದು ತುದಿ ನಮ್ಮ ಬಾಯಲ್ಲಿ. ಗೆರೆಯ ತನಕ ಉಸಿರಿನಿಂದ ಎಳೆದು ಬೆರಳಿನಿಂದ ಮುಚ್ಚಬೇಕು. ಯಾರೋ ಹಿಂದಿನಿಂದ ಕರೆದರು, ನಾನು ತಿರುಗಿ ನೋಡುತ್ತಲೇ ಎಳೆದೆ. ಅಷ್ಟು ಕಹಿಯಾದದ್ದು ಇನ್ಯಾವುದೂ ನನ್ನ ಬಾಯಿಗೆ ಬಿದ್ದಿಲ್ಲ. ಎರಡು ದಿನ ನಕ್ಕರೆ ಹಳದಿ, ಬೈದರೆ ಹಳದಿ. ಬೈಯುವುದೇ ಹೆಚ್ಚಿತ್ತು, ನನ್ನ ಸ್ವಭಾವವೇ ಹಾಗೆ.

ನನ್ನ ಹೆಸರು ಜೈಬುನ್ನಿಸಾ. ರಾಣೇಬೆನ್ನೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದೆ. ರೋಗಿಗಳ ಬಾಯಲ್ಲಿ 'ಲ್ಯಾಬ್ ಬಾಯಾರು'. ದಿನಾ ಬ್ಯಾಡಗಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬಡ್ತಿ ಗಿಡ್ತಿ ಕೇಳಬೇಡಿ. ಸೇರಿದಾಗ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ, ಬಿಡುವಾಗ ಮೂರು ಜನ ಇದ್ದರು, ಅಷ್ಟೇ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಸಿಕ್ಕಾಗ, "ಮಷೀನ್ ಇಲ್ಲದ ಹೆಂಗ ಮಾಡ್ತಿದ್ರಿ ಮೇಡಂ?" ಎಂದು ಕೇಳುತ್ತಾರೆ. ಮಾಡುತ್ತಿದ್ದೆವು, ತಪ್ಪುತ್ತಲೂ ಇದ್ದೆವು. ಎರಡನ್ನೂ ಹೇಳುತ್ತೇನೆ.

ನನ್ನ ಹಲ್ಲು ಹಳದಿ ಮಾಡಿದ ಆ ಪಿಕ್ರಿಕ್ ಆಸಿಡ್ ಬೇಕಾಗುತ್ತಿದ್ದುದು ಕ್ರಿಯಾಟಿನಿನ್ ಪರೀಕ್ಷೆಗೆ. ಕ್ರಿಯಾಟಿನಿನ್ ಅಂದರೆ ಮೈಯಲ್ಲಿ ದಿನಾ ಹುಟ್ಟುವ ಕಸ. ಮೂತ್ರಪಿಂಡ ಅದನ್ನು ರಕ್ತದಿಂದ ಹೊರಗೆ ಹಾಕುತ್ತದೆ. ಮೂತ್ರಪಿಂಡ ಸೋತರೆ ಕಸ ರಕ್ತದಲ್ಲೇ ಉಳಿಯುತ್ತದೆ. ರೋಗಿಯ ರಕ್ತದ ತಿಳಿಯನ್ನು ಆ ಹಳದಿ ದ್ರಾವಣಕ್ಕೆ ಬೆರೆಸಿ ಒಂದಿಷ್ಟು ಕ್ಷಾರ ಹಾಕಿದರೆ ಕಿತ್ತಳೆ ಬಣ್ಣ ಬರುತ್ತಿತ್ತು. ಬಣ್ಣ ಗಾಢವಾದಷ್ಟೂ ಕಸ ಜಾಸ್ತಿ. ಆ ಬಣ್ಣವನ್ನು ಕಲರಿಮೀಟರ್ ಎಂಬ ಪೆಟ್ಟಿಗೆಯಲ್ಲಿಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಲೆಕ್ಕ ಹಾಕಬೇಕಿತ್ತು. ಕರೆಂಟು ಏರಿಳಿದರೆ ಮುಳ್ಳೂ ಏರಿಳಿಯುತ್ತಿತ್ತು.

ಲ್ಯಾಬಿನ ಪಕ್ಕದಲ್ಲೇ ಎಕ್ಸ್‌ರೇ ಕೋಣೆ. ಅಲ್ಲಿ ಕೊಟ್ರಪ್ಪ ಎಂಬವರು ಇದ್ದರು. ಅವರಿಗೆ ತಮ್ಮ ಫೋಟೋಗಳ ಬಗ್ಗೆ ಇದ್ದ ಅಭಿಮಾನ ಅಷ್ಟಿಷ್ಟಲ್ಲ. ತೊಳೆದ ಹಸಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡ್ರಿ ಬಾಯಾರ, ಹುಬ್ಬಳ್ಳ್ಯಾಗ ಸುದ್ದಾ ಹಿಂಗ ತಗ್ಯಂಗಿಲ್ಲ" ಎನ್ನುತ್ತಿದ್ದರು. ನಮ್ಮ ಕಡೆ ಹರಳಿನ ಬೇನೆ ಬಹಳ. ಹರಳು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಬೇಕಾದರೆ ಕೈಯ ನರಕ್ಕೆ ಒಂದು ಔಷಧ ಚುಚ್ಚಿ, ಅದು ಮೂತ್ರಪಿಂಡದಿಂದ ಇಳಿದು ಹೋಗುವಾಗ ಸಾಲಾಗಿ ಫೋಟೋ ತೆಗೆಯುತ್ತಿದ್ದರು. ನಾವು ಅದಕ್ಕೆ 'ಡೈ' ಅನ್ನುತ್ತಿದ್ದೆವು, ರೋಗಿಗಳು 'ಬಣ್ಣದ ಇಂಜೆಕ್ಷನ್' ಅನ್ನುತ್ತಿದ್ದರು. ಬಣ್ಣ ಏನೂ ಇರಲಿಲ್ಲ, ನೋಡಲು ನೀರಿನ ಹಾಗೇ ಇತ್ತು.

ಅದಕ್ಕೊಂದು ಕಟ್ಟುನಿಟ್ಟಿನ ನಿಯಮ. ಹಿಂದಿನ ರಾತ್ರಿ ಊಟ ಆದ ಮೇಲೆ ಒಂದು ಹನಿ ನೀರೂ ಕುಡಿಯಬಾರದು. ಮೈ ಒಣಗಿದಷ್ಟೂ ಡೈ ತೆಳುವಾಗದೆ ಫೋಟೋ ಸ್ವಚ್ಛ ಬರುತ್ತದೆ ಎಂದು ಆಗ ಎಲ್ಲ ಕಡೆಯೂ ಹಾಗೇ ಮಾಡುತ್ತಿದ್ದರು. ಕುಪ್ಪೇಲೂರಿನ ಗೌಡರೊಬ್ಬರು ಇದನ್ನು ವ್ರತದ ಹಾಗೆ ಹಿಡಿದು, ಒಂದು ರಾತ್ರಿಯಲ್ಲ, ಎರಡು ದಿನ ನೀರು ಬಿಟ್ಟು ಬಂದರು. ತುಟಿ ಬಿರಿದಿದ್ದವು, ಮಾತು ಅಂಟಂಟಾಗಿ ಬರುತ್ತಿತ್ತು.

"ಯಾಕ್ರೀ ಗೌಡ್ರ, ಎರಡು ದಿನ ಯಾಕ?" ಎಂದು ಕೇಳಿದೆ.

"ಫೋಟೋ ಚಲೋ ಬರ್ಲಿ ಅಂತರಿ."

ಫೋಟೋ ಚೆನ್ನಾಗಿಯೇ ಬಂತು. ಕೊಟ್ರಪ್ಪ ಅದನ್ನು ಒಂದು ತಿಂಗಳು ಬಂದವರಿಗೆಲ್ಲ ತೋರಿಸಿದರು. ಗೌಡರು ಆವತ್ತೇ ನಮ್ಮ ಮಡಕೆಯಲ್ಲಿದ್ದ ನೀರನ್ನೆಲ್ಲ ಖಾಲಿ ಮಾಡಿ, ತೇಗಿ, ಬಸ್ಸು ಹತ್ತಿ ಹೋದರು. ಅವರಿಗೆ ಏನೂ ಆಗಲಿಲ್ಲ. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಈಗಾದರೆ ನಗಲಾರೆ.

ಯಾಕೆಂದರೆ ಆ ಡೈ ಕೆಲವರ ಮೂತ್ರಪಿಂಡಕ್ಕೆ ತಡೆಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು, ವಯಸ್ಸಾದವರು, ನೋವಿನ ಗುಳಿಗೆ ನುಂಗುವವರು, ಮೈಯಲ್ಲಿ ನೀರು ಕಡಿಮೆ ಇರುವವರು, ಇವರಿಗೆ ಅಪಾಯ ಜಾಸ್ತಿ. ಆದರೆ ಹೊರಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಜ್ವರ ಇಲ್ಲ. ಡೈ ಕೊಟ್ಟ ಎರಡನೆಯ, ಮೂರನೆಯ ದಿನ ರಕ್ತದಲ್ಲಿ ಕ್ರಿಯಾಟಿನಿನ್ ಮೆಲ್ಲಗೆ ಏರುತ್ತದೆ, ಅಷ್ಟೇ. ಆಗಲೇ ಗೊತ್ತಾದರೆ ಗುಳಿಗೆ ನಿಲ್ಲಿಸಿ, ಸಲೈನ್ ಹಚ್ಚಿ, ದಿನಾ ರಕ್ತ ನೋಡುತ್ತ ಹೋದರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಇದನ್ನು ನಾನು ಕಲಿತದ್ದು ಹಲಗೇರಿಯ ಬಸಪ್ಪ ಮಾಸ್ತರರಿಂದ. ಕಲಿತದ್ದು ಅಂದರೆ, ಅವರಿಗೆ ತೊಂದರೆ ಮಾಡಿ ಕಲಿತದ್ದು.

ಮಾಸ್ತರರಿಗೆ ಹರಳು ಇತ್ತು. ಡೈ ಕೊಡುವ ಮುಂಚೆ ಅವರ ಕ್ರಿಯಾಟಿನಿನ್ ಪಾಯಿಂಟ್ ಎಂಟು. ಫೋಟೋ ತೆಗೆಸಿಕೊಂಡು ಊರಿಗೆ ಹೋದವರು ಮೂರನೆಯ ದಿನ, ಹೊಟ್ಟೆ ತೊಳಸುತ್ತದೆ, ಊಟ ಸೇರುವುದಿಲ್ಲ ಎಂದು ಬಂದರು. ಡಾಕ್ಟರು ಮತ್ತೊಮ್ಮೆ ರಕ್ತ ನೋಡಲು ಹೇಳಿದರು. ಒಂದು ಪಾಯಿಂಟ್ ನಾಲ್ಕು ಬಂತು. ನಮ್ಮ ಚೀಟಿಯ ಮೇಲೆ ಒಂದೂವರೆಯ ತನಕ ನಾರ್ಮಲ್ ಎಂದು ಅಚ್ಚಾಗಿತ್ತು. ನಾನು 'ನಾರ್ಮಲ್' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅಕ್ಷರ ಚೆನ್ನಾಗಿದೆ ಎಂಬ ಜಂಬ ಬೇರೆ. ಆ ಚೀಟಿ ನೋಡಿ ಡಾಕ್ಟರು ಹೊಟ್ಟೆಗೊಂದು, ನೋವಿಗೊಂದು ಔಷಧ ಬರೆದು ಕಳಿಸಿದರು.

ನಾಲ್ಕು ದಿನ ಬಿಟ್ಟು ಮಾಸ್ತರರನ್ನು ಜೀಪಿನಲ್ಲಿ ಕರೆತಂದರು. ಮುಖ ಊದಿಕೊಂಡಿತ್ತು. ಹಿಂದಿನ ದಿನದಿಂದ ಮೂತ್ರವೇ ಆಗಿರಲಿಲ್ಲ. ಅವರ ರಕ್ತ ಹಾಕಿದ ನಳಿಕೆ ಎಷ್ಟು ಕೆಂಪಗೆ ತಿರುಗಿತೆಂದರೆ ಮುಳ್ಳು ಕೊನೆಗೆ ಹೋಗಿ ಅಂಟಿಕೊಂಡಿತು. ಅವತ್ತೇ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿ ಮಾಡಿ, ಮೂರು ವಾರಕ್ಕೆ ಅವರ ಮೂತ್ರಪಿಂಡಗಳು ಮತ್ತೆ ಎದ್ದವು. ಆ ಮೂರು ವಾರ ನಾನು ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಕೊಟ್ರಪ್ಪನವರಿಗೆ ಅದೇ ಹೆದರಿಕೆಯಾಗಿ, "ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳಿದರು.

ಊರಿಗೆ ಮರಳಿದ ಮೇಲೆ ಮಾಸ್ತರರು ಒಂದು ದಿನ ನೆಟ್ಟಗೆ ಲ್ಯಾಬಿಗೆ ಬಂದು ನನ್ನ ಮುಂದಿನ ಸ್ಟೂಲಿನ ಮೇಲೆ ಕುಳಿತರು. ಜೇಬಿನಿಂದ ಎರಡು ಚೀಟಿ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಎರಡೂ ನನ್ನ ಕೈಬರಹವೇ. ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಕುಂದ್ರವ್ವಾ," ಎಂದರು. "ಮೂವತ್ತೈದಕ್ಕ ಪಾಸು, ಖರೇ. ಆದ್ರ ಯಾವಾಗ್ಲೂ ತೊಂಬತ್ತು ತಗೊಳ್ಳೋ ಹುಡುಗ ಒಮ್ಮಿಗೇ ನಲವತ್ತು ತಗೊಂಡ್ರ, ಪಾಸಾದ ಬಿಡು ಅಂತ ನಾ ಸುಮ್ನ ಇರ್ತೇನೇನು? ಕಿವಿ ಹಿಡದು, ಏನಾಗೇತಲೇ ಅಂತ ಕೇಳ್ತೇನಿ."

ನಾನು ಎರಡು ಚೀಟಿಯನ್ನೂ ನೋಡಿದೆ. ಪಾಯಿಂಟ್ ಎಂಟು, ಒಂದು ಪಾಯಿಂಟ್ ನಾಲ್ಕು. ಎರಡೂ ನಾರ್ಮಲ್. ಮೂರೇ ದಿನದಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು.

"ತಪ್ಪಾತ್ರಿ ಸರ," ಎಂದೆ. ಅಳು ಬಂತು. ಅವರು, "ಅಳಬ್ಯಾಡ, ತಪ್ಪು ತಿದ್ದಿ ಬರಿ," ಎಂದು ಎದ್ದು ಹೋದರು. ಹುಡುಗರಿಗೆ ಹೇಳಿ ಹೇಳಿ ರೂಢಿ ಇರಬೇಕು.

ಅಂದಿನಿಂದ ಒಂದು ವಹಿ ಇಟ್ಟೆ. ಡೈ ಹಾಕಿಸಿಕೊಳ್ಳುವ ಪ್ರತಿಯೊಬ್ಬರ ಹೆಸರು, ಮೊದಲಿನ ಕ್ರಿಯಾಟಿನಿನ್, ಎದುರಿಗೆ ಖಾಲಿ ಜಾಗ. ಮೂರನೆಯ ದಿನ ಬಂದು ರಕ್ತ ಕೊಟ್ಟು ಹೋಗಿ ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸುತ್ತಿದ್ದೆ. ನಮ್ಮ ದೊಡ್ಡ ಡಾಕ್ಟರು, ಮಾಸ್ತರರಿಗೆ ಔಷಧ ಬರೆದವರೇ, ಧಾರವಾಡದ ಕಡೆಯವರು, ಕೈ ಒಳ್ಳೆಯದು, ಬಾಯಿ ಬಿರುಸು. ಅವರಿಗೆ ಇದು ಹಿಡಿಸಲಿಲ್ಲ. "ಏನ್ರೀ ಬಾಯಾರ, ನಾರ್ಮಲ್ ಎಷ್ಟು ಅಂತ ಪುಸ್ತಕದಾಗ ಐತಿ. ಆ ಪುಸ್ತಕ ನೀವು ಬರದೀರೇನು?" ಎಂದರು. ನಾನು ಮೆಟ್ರಿಕ್ ಮುಗಿಸಿ ಲ್ಯಾಬ್ ಕೋರ್ಸು ಮಾಡಿದವಳು, ಬಾಯಿ ಮುಚ್ಚಿಕೊಂಡೆ. ವಹಿ ಮಾತ್ರ ಮುಚ್ಚಲಿಲ್ಲ.

ಅದನ್ನೂ ಮುಚ್ಚುವ ಹಂತಕ್ಕೆ ಬಂದದ್ದು ನನ್ನ ತಪ್ಪಿನಿಂದಲೇ. ಹಾವೇರಿಯ ಹತ್ತಿ ವ್ಯಾಪಾರಿಯೊಬ್ಬರ ಎರಡನೆಯ ಪರೀಕ್ಷೆಯಲ್ಲಿ ನಂಬರು ನೆಟ್ಟಗೆ ಎರಡು ಪಟ್ಟು ಬಂತು. ನಾನು ಓಡಿಹೋಗಿ ಡಾಕ್ಟರಿಗೆ ಹೇಳಿದೆ, ಅವರು ಆ ಮನುಷ್ಯನನ್ನು ಮಲಗಿಸಿ ಸಲೈನ್ ಹಚ್ಚಿದರು, ಆತನಿಗೆ ಅಂದಿನ ಹತ್ತಿ ಟೆಂಡರು ತಪ್ಪಿತು. ಮರುದಿನ ನೋಡಿದರೆ ಮೊದಲಿನಷ್ಟೇ! ಒಂದು ಅಳತೆಯ ಪಿಪೆಟ್ಟಿನ ಬದಲು ಅವಸರದಲ್ಲಿ ಎರಡು ಅಳತೆಯದನ್ನು ತೆಗೆದುಕೊಂಡಿದ್ದೆ. ವ್ಯಾಪಾರಿ ಕೂಗಾಡಿದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿರಬೇಕು. ಡಾಕ್ಟರು ನರ್ಸುಗಳ ಎದುರೇ, "ಇನ್ನ ಮ್ಯಾಲೆ ನನಗ ಬುದ್ಧಿ ಹೇಳಾಕ ಬರಬ್ಯಾಡ್ರಿ. ನಂಬರ್ ಬರೀರಿ, ಸಾಕು," ಎಂದರು. ಅಲ್ಲಿಂದ ಪ್ರತಿ ಪರೀಕ್ಷೆಯನ್ನೂ ಎರಡೆರಡು ಸಲ ಮಾಡುವ ರೂಢಿ ಬಿತ್ತು. ಆದರೆ ನನ್ನ ಮಾತಿಗೆ ಇದ್ದ ಸ್ವಲ್ಪ ತೂಕವೂ ಹೋಯಿತು.

ಹೀಗಿರುವಾಗ ಬಂದವಳು ಗಿರಿಜತ್ತಿ.

ಊರಿಗೆಲ್ಲ ಗಿರಿಜವ್ವ, ನನಗೆ ಅತ್ತಿ. ಮೋಟೆಬೆನ್ನೂರಿನವಳು. ದಿನಾ ಬ್ಯಾಡಗಿಗೆ ಬಂದು ಮೆಣಸಿನಕಾಯಿ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ತೊಟ್ಟು ಬಿಡಿಸುತ್ತಿದ್ದಳು. ನನ್ನ ಅಮ್ಮನೂ ಅದೇ ವಖಾರದಲ್ಲಿ ಅವಳ ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋದರೆ ಗಿರಿಜತ್ತಿಯ ಬುತ್ತಿಯ ರೊಟ್ಟಿ ನನಗೇ. ಈಗ ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಪಕ್ಕೆಯಲ್ಲಿ ಹರಳಿನ ಬೇನೆ ಶುರುವಾಗಿತ್ತು. ಗುರುವಾರ ಡೈ ಕೊಟ್ಟು ಫೋಟೋ ತೆಗೆದರು. ಮೊದಲಿನ ಕ್ರಿಯಾಟಿನಿನ್ ಪಾಯಿಂಟ್ ಏಳು.

"ಅತ್ತಿ, ಇವತ್ತು ನಾಳೆ ತಂಬಿಗಿಗಟ್ಲೆ ನೀರು ಕುಡೀಬೇಕು. ಶನಿವಾರ ಬಂದು ರಕ್ತ ಕೊಡಬೇಕು. ಮರೀಬ್ಯಾಡ," ಎಂದೆ.

"ಆತು ಬಿಡಬೇ," ಎಂದಳು.

ಶನಿವಾರ ಬರಲಿಲ್ಲ. ಸುಗ್ಗಿಯ ದಿನಗಳು, ವಖಾರದಲ್ಲಿ ಕಾಯಿ ಗುಡ್ಡೆ ಬಿದ್ದಿರುತ್ತದೆ, ಯಾರು ಬರುತ್ತಾರೆ? ನನಗೆ ಮಾಸ್ತರರ ಊದಿದ ಮುಖ ಕಣ್ಣಿಗೆ ಕಟ್ಟಿತು. ಭಾನುವಾರ ನನಗೆ ರಜೆ. ಬೆಳಿಗ್ಗೆ ಸಿರಿಂಜು, ನಳಿಕೆ, ಸ್ಪಿರಿಟಿನ ಹತ್ತಿಯನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ವಖಾರಕ್ಕೆ ಹೋದೆ. ಒಳಗೆ ಕಾಲಿಡುತ್ತಲೇ ಐದಾರು ಸೀನು ಸೀನಿದೆ. ಸಾಲಾಗಿ ಕೂತ ಹೆಂಗಸರು ನಕ್ಕರು.

"ಬ್ಯಾಡಗಿ ಹುಡುಗಿ ಆಗಿ ಸೀನತಾಳ ನೋಡ್ರಿ!" ಎಂದಳು ಒಬ್ಬಳು. ಅಮ್ಮ ತಲೆ ಎತ್ತಿ, "ನೀ ಯಾಕ ಬಂದಿ ಇಲ್ಲಿ?" ಎಂದು ಗದರಿದಳು.

ನಾನು ಗಿರಿಜತ್ತಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಮುಖ ಸ್ವಲ್ಪ ಬಾಡಿತ್ತು.

"ಒಂದಕ್ಕ ಸರಿಯಾಗಿ ಹೋಗ್ತೈತೇನು?"

"ಹೋಗ್ತೈತಿ, ಯಾವಾಗಿನಂಗ."

"ನೀರು ಕುಡದೇನು?"

"ಮುಂಜಾನೆ ಒಂದು ಲೋಟ ಕುಡದೇನಿ."

"ಆಮ್ಯಾಲೆ?"

ಅವಳು ಎರಡೂ ಅಂಗೈ ಎತ್ತಿ ತೋರಿಸಿದಳು. ಬೆರಳ ಸಂದಿಯೆಲ್ಲ ಕೆಂಪು. "ಈ ಕೈ ಇಟಗೊಂಡು ಹ್ಯಾಂಗ ಹೋಗ್ಲಿ ಹೇಳು," ಎಂದಳು. ಸಾಲಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ದಿನವಿಡೀ ತೊಟ್ಟು ಬಿಡಿಸಿದ ಕೈಗೆ ಖಾರ ಇಳಿದಿರುತ್ತದೆ. ನೀರಿನಲ್ಲಿ ತೊಳೆದರೆ ಹೋಗುವುದಿಲ್ಲ. ಆ ಕೈಯಲ್ಲಿ ಬಯಲಿಗೆ ಹೋಗಿ ಬಂದರೆ ಸಂಜೆಯ ತನಕ ಉರಿಯಲ್ಲಿ ಕೂಡಲಾಗುವುದಿಲ್ಲ, ನಿಲ್ಲಲಾಗುವುದಿಲ್ಲ. ಅದಕ್ಕೇ ಬ್ಯಾಡಗಿಯ ವಖಾರದ ಹೆಂಗಸರು ಬೆಳಿಗ್ಗೆಯಿಂದ ಸಂಜೆಯ ತನಕ ನೀರೇ ಕುಡಿಯುತ್ತಿರಲಿಲ್ಲ. ಇದು ನನಗೆ ಹೊಸದಲ್ಲ. ಅಮ್ಮ ಸಂಜೆ ಬಂದು ಮೊದಲು ಕೈಗೆ ಎಣ್ಣೆ ತಿಕ್ಕಿ ಹಿತ್ತಲಿಗೆ ಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಆದರೂ ಗುರುವಾರ ನರ್ಸಿಂಗ್ ಹೋಮಿನಲ್ಲಿ ಇದನ್ನೇ ಕೇಳಿ, ಅವಳು ಆಗಲೂ 'ಯಾವಾಗಿನಂಗ' ಅಂದಾಗ ಸರಿ ಎಂದು ಬರೆದುಕೊಂಡಿದ್ದೆ. ಅವಳ ಯಾವಾಗಿನಂಗ ಅಂದರೆ ದಿನಕ್ಕೆ ಒಂದು ಸಲ, ಎರಡು ಸಲ! ಡೈಯ ಮುಂಚೆ ನಾವು ಒಂದು ರಾತ್ರಿ ಒಣಗಿಸಿದ್ದೆವು, ಅವಳು ವರ್ಷಗಟ್ಟಲೆ ಒಣಗಿದ್ದಳು. ಮೇಲೆ ಬೇನೆಗೆ ಅಂಗಡಿಯಿಂದ ತಂದ ನೋವಿನ ಗುಳಿಗೆ ದಿನಕ್ಕೆರಡು ಬೇರೆ ನುಂಗುತ್ತಿದ್ದಳು.

ಅಲ್ಲೇ ಅವಳ ತೋಳನ್ನು ಮೂರು ಸಲ ಸ್ಪಿರಿಟಿನಿಂದ ಒರೆಸಿ, ಎರಡು ಸೀನಿನ ನಡುವೆ ಸೂಜಿ ಹಾಕಿ ರಕ್ತ ತೆಗೆದೆ. ಬಸ್ಸು ಹತ್ತಿ ರಾಣೇಬೆನ್ನೂರಿಗೆ ಹೋಗಿ ಲ್ಯಾಬು ತೆಗೆದೆ. ಎರಡು ಸಲ ಮಾಡಿದೆ. ಒಂದು ಪಾಯಿಂಟ್ ನಾಲ್ಕು. ಮೂರನೆಯ ಸಲವೂ ಅಷ್ಟೇ.

ಡಾಕ್ಟರ ಮನೆ ನರ್ಸಿಂಗ್ ಹೋಮಿನ ಮೇಲೆಯೇ. ಪೇಪರ್ ಓದುತ್ತ ಕೂತಿದ್ದರು. ಚೀಟಿ ನೋಡಿ, "ನಾರ್ಮಲ್ ಐತಲ್ಲ," ಎಂದರು.

"ಗುರುವಾರ ಪಾಯಿಂಟ್ ಏಳು ಇತ್ರಿ ಸರ."

"ರಕ್ತ ಎಲ್ಲಿ ತಗದ್ರಿ?"

"ವಖಾರದಾಗ್ರಿ."

ಅವರು ಪೇಪರ್ ಕೆಳಗಿಟ್ಟು ನಕ್ಕರು. "ಮೆಣಸಿನಕಾಯಿ ಗುಡ್ಡಿ ನಡುವ ಕುಂತು ರಕ್ತ ತಗೊಂಡು ಬಂದು, ಕೆಂಪ ಜಾಸ್ತಿ ಬಂದೈತಿ ಅಂತೀರಲ್ಲ! ಖಾರದ ಧೂಳು ಬಿದ್ದೈತಿ ಅದ್ರಾಗ. ಹತ್ತಿ ಸಾಹುಕಾರನ್ನ ಮರತ್ರೇನು?"

ಸಿಟ್ಟು ನೆತ್ತಿಗೇರಿತು. ಆದರೆ ಅವರ ಮಾತು ಅಲ್ಲಗಳೆಯುವಂಥದ್ದಲ್ಲ. ನಳಿಕೆಗೆ ಕೂಡಲೇ ಬೂಚು ಹಾಕಿದ್ದೆ, ಆದರೂ ಒಂದು ಕಣ ಬಿದ್ದಿಲ್ಲ ಎಂದು ಆಣೆ ಮಾಡಲಾರೆ. "ಆಕಿನ್ನ ಇಲ್ಲೇ ಕರ್ಕೊಂಡು ಬರ್ತೇನ್ರಿ. ನಿಮ್ಮ ಮುಂದ ರಕ್ತ ತಗೀತೇನಿ, ನಿಮ್ಮ ಮುಂದ ಮಾಡ್ತೇನಿ. ತಪ್ಪಿದ್ರ ನಾಳಿಂದ ಕೆಲಸಕ್ಕ ಬರಂಗಿಲ್ಲ," ಎಂದುಬಿಟ್ಟೆ. ಮೆಟ್ಟಿಲಿಳಿಯುವಾಗ ಮನೆಯ ಖರ್ಚಿನ ಲೆಕ್ಕ ನೆನಪಾಯಿತು. ನನ್ನ ಸಂಬಳದ ಮೇಲೆಯೇ ನಮ್ಮ ಮನೆ ನಡೆಯುತ್ತಿತ್ತು.

ಮತ್ತೆ ಬಸ್ಸು, ಮತ್ತೆ ವಖಾರ. ಗಿರಿಜತ್ತಿ ಏಳಲು ಒಪ್ಪಲಿಲ್ಲ. "ಈಗಷ್ಟ ತಗೊಂಡು ಹೋಗಿ, ಮತ್ತ ಬಂದಿ. ನನ್ನ ರಕ್ತ ಅಂದ್ರ ಕೆರಿ ನೀರು ಅಂತ ತಿಳದೇನು? ಈ ಗುಡ್ಡಿ ಮುಗೀಲಾರದ ನಾ ಏಳಂಗಿಲ್ಲ." ನಾನು ಕೈಮುಗಿದೆ, ಬೈದೆ, ಮತ್ತೆ ಕೈಮುಗಿದೆ. ಹೆಂಗಸರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

ಆಗ ಅಮ್ಮ ಗಿರಿಜತ್ತಿಯ ಗುಡ್ಡೆಯನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡಳು. "ಏಳು ಗಿರಿಜಾ," ಎಂದಳು. "ಈಕಿ ಬಾಯಿ ಕೆಟ್ಟೈತಿ, ಸಿಟ್ಟು ಕೆಟ್ಟೈತಿ. ಸುಳ್ಳು ಹೇಳೋದು ಮಾತ್ರ ಗೊತ್ತಿಲ್ಲ. ನಿನ್ನ ಕಾಯಿ ನಾ ಬಿಡಸ್ತೇನಿ, ನೀ ಹೋಗು."

ಗಿರಿಜತ್ತಿ ಗೊಣಗುತ್ತ ಎದ್ದಳು. ಬಸ್ಸಿನಲ್ಲಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು, ಪಕ್ಕದವರಿಗೆ ಖಾರ ತಾಕದಿರಲಿ ಎಂದು.

ಡಾಕ್ಟರು ನನ್ನ ಬೆನ್ನ ಹಿಂದೆಯೇ ನಿಂತು ನೋಡಿದರು. ನಳಿಕೆ ತೊಳೆದದ್ದು, ಪಿಪೆಟ್ಟಿನ ಅಳತೆ, ಎಲ್ಲ. ಬಣ್ಣ ಹತ್ತಿತು. ಮುಳ್ಳು ನಿಂತಿತು. ಲೆಕ್ಕವನ್ನು ಅವರೇ ಹಾಕಿದರು. ಒಂದೂವರೆ.

"ಇನ್ನೂ ನಾರ್ಮಲ್ಲೇ ಐತ್ರಿ," ಎಂದೆ. ವ್ಯಂಗ್ಯಕ್ಕೆ ಅಂದದ್ದಲ್ಲ, ಹೆದರಿಕೆಗೆ ಬಾಯಿಗೆ ಬಂದದ್ದು. ನನ್ನ ವಹಿ ತೆಗೆದು ಗುರುವಾರದ ಪಾಯಿಂಟ್ ಏಳನ್ನು ತೋರಿಸಿದೆ. ಬಸಪ್ಪ ಮಾಸ್ತರರ ತೊಂಬತ್ತು, ನಲವತ್ತರ ಮಾತನ್ನೂ ಹೇಳಿದೆ. ಅವರು ವಹಿಯ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ, ನಾನು ಮೊಟ್ಟಮೊದಲು ಬರೆದಿದ್ದ ಮಾಸ್ತರರ ಹೆಸರಿನ ಹತ್ತಿರ ನಿಂತರು. ಅಲ್ಲಿ ಎರಡು ನಂಬರು ಇದ್ದವು, ಕೆಳಗೆ 'ನನ್ನ ತಪ್ಪು' ಎಂದು ಬರೆದಿದ್ದೆ. ಡಾಕ್ಟರು ಅದನ್ನು ಓದಿದರು.

"ನಿಮ್ಮದೊಂದ ತಪ್ಪಲ್ಲ ಇದು," ಎಂದರು. ಆಮೇಲೆ ಕದ ತೆಗೆದು ನರ್ಸಿಗೆ ಕೂಗಿದರು. "ಗಿರಿಜವ್ವನ್ನ ಅಡ್ಮಿಟ್ ಮಾಡ್ರಿ. ನೋವಿನ ಗುಳಿಗಿ ಬಂದ್. ಸಲೈನ್ ಹಚ್ರಿ. ತಾಸಿಗೊಮ್ಮೆ ಮೂತ್ರ ಅಳೀರಿ."

ಸೋಮವಾರ ಒಂದು ಪಾಯಿಂಟ್ ಎಂಟಕ್ಕೆ ಏರಿತು. ಮಂಗಳವಾರ ಅಲ್ಲೇ ನಿಂತಿತು. ಮೂತ್ರ ಕಡಿಮೆ, ಬಣ್ಣ ಚಹಾದಂತೆ. ಡಾಕ್ಟರು ದಿನಕ್ಕೆ ನಾಲ್ಕು ಸಲ ಬಂದು ಅಳತೆಯ ಜಗ್ಗನ್ನು ತಾವೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಗಿರಿಜತ್ತಿಗೆ ನಾಚಿಕೆ. "ಅಯ್ಯ, ಅಷ್ಟು ದೊಡ್ಡ ಮನಶ್ಯಾ, ಮುಂಜಾನೆದ್ದು ಅದನ್ನ ನೋಡಾಕ ಬರ್ತಾರಲ್ಲಬೇ," ಎಂದು ನನಗೆ ಪಿಸುಗುಟ್ಟುತ್ತಿದ್ದಳು. ಬುಧವಾರ ಮಧ್ಯಾಹ್ನ ಜಗ್ಗು ಅರ್ಧಕ್ಕಿಂತ ಮೇಲೆ ಬಂತು, ಬಣ್ಣ ತಿಳಿಯಾಯಿತು. ಕೊಟ್ರಪ್ಪನವರು ಎಕ್ಸ್‌ರೇ ಕೋಣೆ ಬಿಟ್ಟು ಓಡಿ ಬಂದು ಅದನ್ನು ನೋಡಿ, "ಭಾಳ ಸ್ವಚ್ಛ ಬಂದೈತ್ರಿ!" ಎಂದರು, ತಮ್ಮ ಫಿಲ್ಮಿಗೆ ಅನ್ನುವ ಹಾಗೆಯೇ. ಅಂದು ಒಂದು ಪಾಯಿಂಟ್ ಐದು, ಗುರುವಾರ ಒಂದು ಪಾಯಿಂಟ್ ಒಂದು, ಶನಿವಾರ ಪಾಯಿಂಟ್ ಎಂಟು. ಸಂತೋಷಕ್ಕೆ ನಾನು ನರ್ಸಿಗೂ ಕೊಟ್ರಪ್ಪನವರಿಗೂ ಮಿರ್ಚಿ ಭಜಿ ತರಿಸಿ ಕೊಟ್ಟೆ.

ಆಮೇಲೆ ಪದ್ಧತಿ ಬದಲಾಯಿತು. ಡೈ ಕೊಟ್ಟವರು ಮೂರನೆಯ ದಿನ ರಕ್ತ ಕೊಡದಿದ್ದರೆ ಫೋಟೋ ಕೊಡಬೇಡಿ ಎಂದು ಡಾಕ್ಟರೇ ಹುಕುಂ ಮಾಡಿದರು. ಗಿರಿಜತ್ತಿ ಮನೆಗೆ ಹೋಗುವ ಮೊದಲೇ, ಚೀಟಿಯ ಮೇಲೆ ಅಚ್ಚಾದ ನಾರ್ಮಲ್ ಪಕ್ಕದಲ್ಲಿ 'ಹಿಂದಿನದು' ಎಂದು ಒಂದು ಖಾಲಿ ಜಾಗ ಮಾಡಿಸಿದರು. ಕೊಟ್ರಪ್ಪನವರು ಸಕ್ಕರೆ ಕಾಯಿಲೆಯವರಿಗೂ ಮುದುಕರಿಗೂ ನೀರು ಬಿಡಲು ಹೇಳುವುದನ್ನು ನಿಲ್ಲಿಸಿದರು. "ಫೋಟೋ ಸ್ವಲ್ಪ ಮಸಕು ಬಂದ್ರ ಬರ್ಲಿ ಬಿಡ್ರಿ," ಎಂದು ಹೇಳುವುದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ನನಗೆ ಗ್ಯಾರಂಟಿ ಗೊತ್ತು. ತೊಂಬತ್ತರ ದಶಕದಲ್ಲಿ ಸ್ಕ್ಯಾನಿಂಗ್ ಬಂತು, ಡೈ ಹಾಕುವುದೇ ಕಡಿಮೆಯಾಯಿತು, ಹೊಸ ಬಗೆಯ ಡೈ ಬಂತು, ನನ್ನ ಕಲರಿಮೀಟರ್ ಅಟ್ಟ ಸೇರಿತು. ಈಗಿನ ಮಷೀನು ಮಿತಿ ಮೀರಿದ ನಂಬರಿನ ಪಕ್ಕ ಒಂದು ಚುಕ್ಕಿ ಹಾಕುತ್ತದೆ. ಮಿತಿಯನ್ನು ಒಂದೂವರೆಗೇ ಇಟ್ಟಿದ್ದರೆ ಗಿರಿಜತ್ತಿಯ ಭಾನುವಾರದ ರಕ್ತಕ್ಕೆ ಅದೂ ಚುಕ್ಕಿ ಹಾಕುತ್ತಿರಲಿಲ್ಲ. ಹುಡುಗಿಯರೇ, ಅದನ್ನು ನೆನಪಿಡಿ.

ಇನ್ನೊಂದು ಮಾತು ಉಳಿದಿದೆ. ಗಿರಿಜತ್ತಿ ಮನೆಗೆ ಹೋಗುವ ದಿನ ಚೀಲ ಹಿಡಿದು ನನ್ನ ಲ್ಯಾಬಿನ ಬಾಗಿಲಿಗೆ ಬಂದಳು. ವಹಿಯಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕೇಳಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಬೆರಳಿಟ್ಟು ತೋರಿಸಿದೆ.

"ಇದು ನಂದು. ನಿಮ್ಮವ್ವಂದು ಎಲ್ಲೈತಿ?" ಎಂದಳು.

ನಾನು ವಹಿ ಮುಚ್ಚಿದೆ.

ಅಮ್ಮನದು ಇರಲಿಲ್ಲ. ಅಷ್ಟು ವರ್ಷ ಊರಿನವರದೆಲ್ಲ ನೋಡಿದ್ದೆ, ಅಮ್ಮನದು ಒಮ್ಮೆಯೂ ನೋಡಿರಲಿಲ್ಲ. ಗಿರಿಜತ್ತಿಯ ಪಕ್ಕದಲ್ಲೇ, ಅವಳಷ್ಟೇ ವರ್ಷ, ಅದೇ ಕೈ ಹಿಡಿದು ಕೂತವಳು. ಆ ಭಾನುವಾರ ನನ್ನ ಮಾತಿಗಾಗಿ ಎರಡು ಗುಡ್ಡೆ ಬಿಡಿಸಿದವಳು, ಅಂದೂ ಒಂದು ಹನಿ ನೀರು ಕುಡಿಯದೆ. ನನ್ನ ಮೇಲೆ ನನಗೇ ಇಷ್ಟು ಸಿಟ್ಟು ಬಂದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ, "ನನಗೇನು ಧಾಡಿ ಆಗೇತಿ" ಎಂದು ಅಮ್ಮ ಬೈಯುತ್ತಿರುವಾಗಲೇ ಅವಳ ತೋಳಿನಿಂದ ರಕ್ತ ತೆಗೆದುಕೊಂಡು ಲ್ಯಾಬಿಗೆ ಹೋದೆ. ಒಂದು ಪಾಯಿಂಟ್ ಎರಡು. ಪೆನ್ನು ರೂಢಿಯ ಪ್ರಕಾರ 'ನಾರ್ಮಲ್' ಎಂದು ಬರೆಯಲು ಹೊರಟಿತು. 'ಹಿಂದಿನದು' ಎಂಬ ಜಾಗದಲ್ಲಿ ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಇದು ಅಮ್ಮನ ಯಾವಾಗಿನ ನಂಬರೋ, ಅರ್ಧ ಸೋತ ಮೂತ್ರಪಿಂಡದ ನಂಬರೋ, ಯಾರನ್ನು ಕೇಳಲಿ? ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಮಧ್ಯಾಹ್ನವೇ ರಜೆ ಕೇಳಿಕೊಂಡು ಹೊರಟೆ. ಒಂದು ಕೊಡ ನೀರು, ಒಂದು ಬಾಟಲಿ ಕೊಬ್ಬರಿ ಎಣ್ಣೆ, ಒಂದು ಪೊಟ್ಟಣ ಕಡಲೆಹಿಟ್ಟು ತೆಗೆದುಕೊಂಡು ವಖಾರಕ್ಕೆ ಹೋದೆ. ಅಮ್ಮನ ಮುಂದೆ ಲೋಟ ಹಿಡಿದೆ.

"ಕೈ ಖಾರ ಐತಿ," ಎಂದಳು.

"ಕೈ ಯಾಕ? ನಾ ಕುಡಸ್ತೇನಿ. ಹೋಗಾಕ ಬಂದಾಗ ಎಣ್ಣಿ, ಹಿಟ್ಟು ಹಚ್ಚಿ ಕೈ ತೊಳಸ್ತೇನಿ. ಬಾಯಿ ತಗಿ."

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಕೆಂಪು ಕೈಗಳನ್ನು ಎರಡೂ ಕಡೆ ದೂರ ಚಾಚಿಕೊಂಡು, ಮಗುವಿನ ಹಾಗೆ ಬಾಯಿ ತೆಗೆದಳು. ಒಂದು ಲೋಟ ಕುಡಿದಳು, ಇನ್ನೊಂದು ಕೇಳಿದಳು. ಪಕ್ಕದವಳು, "ನಮಗೂ ಹಾಕಬೇ," ಎಂದಳು. ಅವಳ ಪಕ್ಕದವಳೂ ಬಾಯಿ ತೆಗೆದಳು. ಆವತ್ತು ಆ ಇಡೀ ಸಾಲಿಗೆ ನೀರು ಕುಡಿಸುತ್ತ ಹೋದೆ, ಸೀನುತ್ತ ಹೋದೆ. ಮರುವಾರದಿಂದ ಎಣ್ಣೆ, ಹಿಟ್ಟಿನ ಉಸ್ತುವಾರಿ ಗಿರಿಜತ್ತಿಯದೇ ಆಯಿತು. ನೀರು ಕುಡಿಯದವರನ್ನು ಅವಳು ಬೈಯುವುದು ಕೇಳಿದರೆ ನಾನು ಯಾವ ಲೆಕ್ಕ!

ಒಂದು ತಿಂಗಳು ಬಿಟ್ಟು ಅಮ್ಮನ ರಕ್ತ ಮತ್ತೆ ನೋಡಿದೆ. ಪಾಯಿಂಟ್ ಎಂಟಕ್ಕೆ ಇಳಿದಿತ್ತು. ನಂಬದೆ ಮತ್ತೊಮ್ಮೆ ಮಾಡಿದೆ, ಮತ್ತೆ ಪಾಯಿಂಟ್ ಎಂಟು. ವಹಿಯಲ್ಲಿ ಅವಳ ಹೆಸರಿನ ಎದುರಿಗೆ ಆ ನಂಬರು ಬರೆದೆ. ನಾರ್ಮಲ್ ಎಂದು ಬರೆಯಲಿಲ್ಲ. 'ಅಮ್ಮನದು' ಎಂದು ಬರೆದೆ.